ಪಂಕ್ತಿ ಏಳೋವರೆಗೂ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ತುಮಕೂರಿನಲ್ಲಿ ಸಮಾಜಕಾರ್ಯ ಪಾಠ ಮಾಡ್ತಾ ಮಾಡ್ತಾನೇ ಕೂದಲು ಬೆಳ್ಳಗಾಯ್ತು, ಕೋಪ ಮಾತ್ರ ಹಾಗೇ ಉಳಿಯಿತು. ಒಂದು ಸಲ ಆ ಕೋಪವೇ ಕೆಲಸಕ್ಕೆ ಬಂತು.

ಎಲ್ಲ ಶುರುವಾಗಿದ್ದು ಹೆಬ್ಬೂರಿನ ನಮ್ಮ ಮನೆ ಹಸುವಿನಿಂದ. ಅದಕ್ಕೆ ಹುಚ್ಚುನಾಯಿ ಕಚ್ಚಿತ್ತು. ಕಚ್ಚಿದ್ದು ಗೊತ್ತಾಗೋ ಹೊತ್ತಿಗೆ ಅಮ್ಮ ಹಾಲು ಕರೆದು, ತಾನೂ ಕುಡಿದು, ಅಕ್ಕಪಕ್ಕದ ಮನೆಗೂ ಕೊಟ್ಟಾಗಿತ್ತು. ಬೀದಿಗೆ ಬೀದಿಯೇ ಹೆದರಿ ಕೂತಿತ್ತು. ನಾನು ರಜೆ ಹಾಕಿ ಓಡಿದೆ. ದನದ ಡಾಕ್ಟರು, "ಹಸುಗೆ ಇಂಜೆಕ್ಷನ್ ಹಾಕ್ತೀನಿ, ಮನುಷ್ಯರ ವಿಚಾರ ಆಸ್ಪತ್ರೇಲಿ ಕೇಳಿ" ಅಂದರು. ಆಸ್ಪತ್ರೆಯವರು, "ಹಸುಗೆ ಹುಚ್ಚು ಹಿಡಿದಿದೆಯೋ ಇಲ್ವೋ, ಅದನ್ನ ದನದ ಡಾಕ್ಟರೇ ಹೇಳ್ಬೇಕು" ಅಂದರು. ಆ ನಾಯಿ ಯಾರ ಪಾಲಿಗೆ ಬರುತ್ತೆ ಅಂದರೆ ಇಬ್ಬರೂ ಪಂಚಾಯ್ತಿ ಕಡೆ ಕೈ ತೋರಿಸಿದರು. ಇವರಲ್ಲಿ ಯಾರೂ ಕೆಟ್ಟವರಲ್ಲ, ಅವರವರ ಕೆಲಸ ಅವರು ಸರಿಯಾಗೇ ಮಾಡ್ತಿದ್ದರು. ಅಮ್ಮ ಮಾತ್ರ ನಡುರಸ್ತೆಯಲ್ಲಿ ಸೆರಗು ಹೊದ್ದು ನಿಂತು, "ಹಂಗಾದ್ರೆ ನಾನು ದನಾನೂ ಅಲ್ಲ, ಮನುಷ್ಯಳೂ ಅಲ್ವೇನೇ?" ಅಂದಳು. ಹಸು ಬದುಕಿತು, ಅಮ್ಮನೂ ಗಟ್ಟಿಯಾಗೇ ಇದಾಳೆ. ಆದರೆ ಆ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಅದಕ್ಕೇ ಒಂದು ವಾರದ ಕೋರ್ಸ್ ಮಾಡಿಯೇ ತೀರಬೇಕು ಅಂತ ಹಟ ಹಿಡಿದೆ. ಸಾರ್ವಜನಿಕ ಆರೋಗ್ಯದಲ್ಲಿ ಸಹಯೋಗ ಅಂತ ಹೆಸರಿಟ್ಟೆ. ದನದ ಡಾಕ್ಟರು, ಆಸ್ಪತ್ರೆ ಡಾಕ್ಟರು, ಪಂಚಾಯ್ತಿಯವರು ಒಟ್ಟಿಗೆ ಪಾಠ ಮಾಡಬೇಕು, ಕೇಳೋದಕ್ಕೂ ಆ ಮೂರು ಇಲಾಖೆಯ ನೌಕರರೇ ಬರಬೇಕು. ನಮ್ಮ ವಿಭಾಗದ ಮುಖ್ಯಸ್ಥರು ಹಾಲನ್ನೂ ಊದಿಕೊಂಡು ಕುಡಿಯೋ ಮನುಷ್ಯ. "ಮೇಡಂ, ಮೊದ್ಲು ಒಂದು ಟ್ರಯಲ್ ತೋರ್ಸಿ. ಇವರು ಒಬ್ಬರ ಮಾತು ಒಬ್ಬರು ಕೇಳ್ತಾರೆ ಅಂತ ನನಗೆ ನಂಬಿಕೆ ಬಂದ್ರೆ ಕೋರ್ಸ್ ನಿಮ್ದು. ಇಲ್ದಿದ್ರೆ ಆ ರೂಮು ಕಂಪ್ಯೂಟರ್ ಕೋರ್ಸ್‌ನವರಿಗೆ ಹೋಗುತ್ತೆ" ಅಂದರು.

ಅತಿಥಿಗಳನ್ನ ಒಪ್ಪಿಸೋಕೆ ಬಸ್ಸಿನಲ್ಲಿ ಗುಬ್ಬಿಗೂ ಕುಣಿಗಲ್ಲಿಗೂ ಅಲೆದು ನನ್ನ ಚಪ್ಪಲಿ ಸವೆಯಿತು. ಗುಬ್ಬಿಯ ಪಶು ಆಸ್ಪತ್ರೆಯಿಂದ ದನದ ಡಾಕ್ಟರಮ್ಮ ಒಬ್ಬರು ಒಪ್ಪಿದರು, ಮಾತು ಕಮ್ಮಿ, ಕೆಲಸ ಜಾಸ್ತಿ. ಕುಣಿಗಲ್ ಕಡೆಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಪ್ಪಿದರು, ಆ ಮನುಷ್ಯ ಕೂತಲ್ಲಿ ಕೂರೋರಲ್ಲ. ನಮ್ಮೂರ ಪಂಚಾಯ್ತಿಯ ಪಿಡಿಒ ಒಪ್ಪಿದರು, ಅವರ ಫೋನು ಒಂದು ಗಳಿಗೆ ಸುಮ್ಮನಿರೋದಿಲ್ಲ.

ಟ್ರಯಲ್ ದಿನ ಬಂತು. ನಮ್ಮ ಕಡೆ ಯಾವ ಕಾರ್ಯಕ್ರಮವಾದರೂ ವೇದಿಕೆ, ಫ್ಲೆಕ್ಸು, ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇಲ್ಲದೆ ನಡೆಯೋ ಹಾಗಿಲ್ಲವಲ್ಲ. "ದೊಡ್ಡೋರು ಬ್ಯುಸಿ ಇರ್ತಾರೆ, ಮೊದ್ಲೇ ಸನ್ಮಾನ ಮಾಡ್ಬುಡಿ" ಅಂದರು ಮುಖ್ಯಸ್ಥರು. ಮಾಡಿದೆವು. ಕುಣಿಗಲ್ ಡಾಕ್ಟರು ತಮ್ಮ ಭಾಷಣ ಮುಗಿಸಿ, ಹಣ್ಣಿನ ಬುಟ್ಟಿ ಎತ್ತಿಕೊಂಡು ಇಳಿದೇ ಹೋದರು. ಪಿಡಿಒ ಎರಡು ಮಾತಾಡಿ, ತಾಲ್ಲೂಕು ಮೀಟಿಂಗ್ ಇದೆ ಅಂತ ಶಾಲು ಮಡಚಿಕೊಂಡರು. ಗುಬ್ಬಿಯವರು ಪಾಪ, ತಲೆ ಮೇಲೆ ಪೇಟ ಇಟ್ಟುಕೊಂಡೇ ಖಾಲಿ ಕುರ್ಚಿಗಳ ಪಕ್ಕ ನಿಂತು ಮಾತಾಡಿದರು. ಸಹಯೋಗದ ಕಾರ್ಯಕ್ರಮದಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

ಮುಖ್ಯಸ್ಥರು "ನೋಡಿದ್ರಲ್ಲ" ಅಂದರು, ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯ್ತು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಜಗಳ ತೆಗೆದೆ. ಸನ್ಮಾನ ಮೊದಲು ಅಂದಿದ್ದು ಯಾರು ಅಂತ ಕೇಳಿದೆ. ನನ್ನ ಬಾಯಿಗೆ ಹೆದರಿ ಇನ್ನೊಂದೇ ಒಂದು ಅವಕಾಶ ಕೊಟ್ಟರು. ಏನು ಮಾಡಬೇಕು ಅಂತ ಮಾತ್ರ ನನಗೆ ಹೊಳೆದಿರಲಿಲ್ಲ.

ಅದು ಹೊಳೆದಿದ್ದು ಯಡಿಯೂರಿನಲ್ಲಿ, ನೆಂಟರ ಮನೆ ನಾಮಕರಣದಲ್ಲಿ. ಕುಣಿಗಲ್ ಬಸ್ಸು ಹಿಡಿಯೋ ಅವಸರಕ್ಕೆ ಗಬಗಬ ತಿಂದು ಏಳೋಕೆ ಹೋದೆ. ಎದುರು ಸಾಲಿನಿಂದ ಒಬ್ಬ ಅತ್ತೆ, "ಏನಮ್ಮಿ, ಪಂಕ್ತಿ ಇನ್ನೂ ಎದ್ದಿಲ್ಲ, ಓದ್ದೋರು ಹಿಂಗಾ ಮಾಡೋದು?" ಅಂದರು. ಮುಖ ಗಂಟಿಕ್ಕಿಕೊಂಡು ಕೂತೆ. ನನ್ನ ಸಾಲಿನ ಕೊನೆಗಿದ್ದ ಅಜ್ಜ ಪಾಯಸವನ್ನ ಬೆರಳಲ್ಲಿ ಎಷ್ಟು ನೆಮ್ಮದಿಯಾಗಿ ಬಳಿದುಕೊಳ್ತಿತ್ತು ಅಂದರೆ ಹೊರಗೆ ನನ್ನ ಬಸ್ಸು ಹಾರನ್ ಹೊಡೆದು ಹೋಗಿದ್ದೂ ಕೇಳಿಸಿತು. ಆ ಅಜ್ಜನನ್ನ ಮನಸ್ಸಿನಲ್ಲೇ ಬೈದುಕೊಂಡೆ. ಬೈತಾ ಬೈತಾ ಅಕ್ಕಪಕ್ಕ ನೋಡಿದರೆ, ನನ್ನ ಎಡಕ್ಕೂ ಬಲಕ್ಕೂ ಕೂತಿದ್ದ ಗುರುತಿಲ್ಲದ ಇಬ್ಬರು ನನ್ನ ತಲೆ ಮೇಲಿಂದಲೇ ಬೋರ್‌ವೆಲ್ ಮೋಟಾರಿನ ಕಷ್ಟ ಮಾತಾಡಿಕೊಳ್ತಿದ್ದರು. ಎಂಜಲು ಕೈ, ಫೋನ್ ತೆಗೆಯೋ ಹಾಗಿಲ್ಲ. ಎದ್ದು ಹೋಗೋ ಹಾಗಿಲ್ಲ. ಇನ್ನೇನು ಮಾಡ್ತಾರೆ, ಪಕ್ಕದೋರ ಹತ್ತಿರ ಮಾತಾಡಲೇಬೇಕು. ಎದ್ದ ಮೇಲೆ ಬಾಗಿಲಲ್ಲಿ ತಾಂಬೂಲ ಕೊಟ್ಟರು. ಅಯ್ಯೋ ಶಿವನೇ ಅನ್ನಿಸಿತು. ತಾಂಬೂಲ ಕೊಡೋದು ಹೊರಡೋರಿಗೆ. ಟ್ರಯಲ್ ದಿನ ನಾವು ಬಂದೋರಿಗೆ ಬಂದ ತಕ್ಷಣ ಸನ್ಮಾನ ಅನ್ನೋ ತಾಂಬೂಲ ಕೊಟ್ಟು, ಕೂತ್ಕೊಳಿ ಅಂದಿದ್ದೆವು.

ಎರಡನೇ ಟ್ರಯಲ್‌ಗೆ ಕ್ಯಾತ್ಸಂದ್ರದ ಒಂದು ಕಲ್ಯಾಣ ಮಂಟಪದ ಊಟದ ಮನೆ ಹಿಡಿದೆ. ವೇದಿಕೆ ಇಲ್ಲ, ಮೈಕ್ ಇಲ್ಲ, ನೆಲಕ್ಕೆ ಚಾಪೆ, ಮುಂದೆ ಬಾಳೆಲೆ. ಅಡುಗೆಯವರು ಮುದ್ದೆ, ಸೊಪ್ಪಿನ ಸಾರು ಮಾಡೋಣ ಅಂದರು. ಬೇಡವೇ ಬೇಡ ಅಂದೆ. ಮುದ್ದೆ ನುಂಗೋದು, ಹಲ್ಲಿಲ್ಲದೋರೂ ಚಿಟಿಕೆ ಹೊಡೆಯೋದರೊಳಗೆ ಮುಗಿಸ್ತಾರೆ. ಹೋಳಿಗೆ, ಕೋಸಂಬರಿ, ಕಡ್ಲೆಕಾಳು ಉಸ್ಲಿ ಇರಲಿ, ಅಗಿಯೋ ಅಂಥದ್ದು ಬೇಕು ಅಂದೆ. ಅಡುಗೆಯವರು ನನ್ನ ಒಂದು ಥರ ನೋಡಿದರು. ಹೆಬ್ಬೂರಿನಿಂದ ಅಮ್ಮನನ್ನ ಕರೆಸಿ ಸಾಲಿನ ಕೊನೆಗೆ ಕೂರಿಸೋದು ಅಂತ ತೀರ್ಮಾನಿಸಿದೆ. "ಅಮ್ಮ, ಹಸು ವಿಚಾರ ನೀನೇ ಕೇಳ್ಬೇಕು. ಮತ್ತೆ ನಿಧಾನವಾಗಿ ಉಣ್ಬೇಕು" ಅಂದೆ. "ಉಣ್ಣೋಕೂ ಟ್ರೇನಿಂಗ್ ಕೊಡ್ತಾಳೆ ನೋಡು ಇವ್ಳು" ಅಂತ ನಕ್ಕಳು.

ಊಟಕ್ಕೆ ಕರೆದರೆ ಯಾರು ಬರಲ್ಲ ಅಂತಾರೆ? ಮೂರೂ ಜನ ಬಂದರು. ಮುಖ್ಯಸ್ಥರೂ ಪ್ಯಾಂಟು ಮಡಚಿಕೊಂಡು ಕೂತರು. ಕುಣಿಗಲ್ ಡಾಕ್ಟರು ಎಲ್ಲರಿಗಿಂತ ಮೊದಲು ಉಂಡು, ಮಂಡಿ ಮೇಲೆ ಎಡಗೈ ಊರಿದರು. ಎದ್ದೇಬಿಟ್ಟರು ಅಂದುಕೊಂಡೆ. ಅವರು ಸಾಲಿನ ಕೊನೆ ನೋಡಿದರು. ಅಲ್ಲಿ ನಮ್ಮಮ್ಮನ ಎಲೆ ಇನ್ನೂ ಅರ್ಧ ತುಂಬಿತ್ತು. ಮತ್ತೆ ಕೂತರು.

ಆಗ ಅಮ್ಮ ಕೇಳಿದಳು. "ಸ್ವಾಮಿ, ಹಸುಗೆ ಹುಚ್ಚುನಾಯಿ ಕಚ್ತು, ನಾವು ಹಾಲು ಕುಡ್ದವಿ. ನಾನು ಯಾರ ಹತ್ರ ಬರ್ಬೇಕು?"

ದನದ ಡಾಕ್ಟರು ದನದ ಮಾತು ಹೇಳಿದರು, ಆಸ್ಪತ್ರೆ ಡಾಕ್ಟರು ಆಸ್ಪತ್ರೆ ಮಾತು ಹೇಳಿದರು, ಪಿಡಿಒ ನಿಯಮ ಹೇಳಿದರು. ಅದೇ ಹಳೇ ರಾಗ. ಅಮ್ಮ ಎಲ್ಲ ಕೇಳಿ, "ಅದ್ಸರಿ, ಯಾರ ಹತ್ರ ಬರ್ಬೇಕು?" ಅಂತ ಮತ್ತೆ ಕೇಳಿ, ಕಡ್ಲೆಕಾಳು ಒಂದೊಂದೇ ಬಾಯಿಗೆ ಹಾಕಿಕೊಳ್ಳೋಕೆ ಶುರು ಮಾಡಿದಳು. ಅವಳು ಉಂಡು ಮುಗಿಸೋವರೆಗೂ ಯಾರೂ ಎದ್ದು ಹೋಗೋ ಹಾಗಿರಲಿಲ್ಲ.

ಕೊನೆಗೆ ಗುಬ್ಬಿಯವರು ಪಕ್ಕಕ್ಕೆ ತಿರುಗಿ, "ಸರ್, ಹಸು ನೋಡಿದ ತಕ್ಷಣ ನಾನೇ ನಿಮಗೆ ಫೋನ್ ಮಾಡಿದ್ರೆ?" ಅಂದರು. "ಮಾಡಿದ್ರೆ ನಮ್ಮ ಆಶಾ ಕಾರ್ಯಕರ್ತೆ ಆವತ್ತೇ ಮನೆಮನೆಗೆ ಹೋಗಿ, ಯಾರ್ಯಾರು ಹಾಲು ಕುಡಿದ್ರು, ಯಾರ್ಯಾರು ಹಸು ಮುಟ್ಟಿದ್ರು ಅಂತ ಕೇಳ್ತಾರೆ. ಆದ್ರೆ ಇದುವರೆಗೂ ನನಗೆ ಯಾರೂ ಫೋನೇ ಮಾಡಿಲ್ವಲ್ಲ" ಅಂದರು ಕುಣಿಗಲ್ ಡಾಕ್ಟರು. ಪಿಡಿಒ, "ನನ್ನ ಯಾಕೆ ಬಿಟ್ರಿ? ಆ ಬೀದಿ ನಾಯಿಗಳಿಗೆ ಲಸಿಕೆ ಹಾಕ್ಸೋಕೆ ಜನ, ಗಾಡಿ ನಾನು ಕೊಡ್ತೀನಿ. ಲಸಿಕೆ ಹಾಕೋರು ಬೇಕು" ಅಂದರು. "ನಾನು ಬರ್ತೀನಿ" ಅಂದರು ಗುಬ್ಬಿಯವರು. ಆಮೇಲೆ ನೋಡಬೇಕಿತ್ತು ನೀವು. ಯಾರು ಮೊದಲು, ಎಷ್ಟು ಬೇಗ ಅಂತ ಮೂವರೂ ಜಗಳಕ್ಕೇ ಬಿದ್ದರು, ನಕ್ಕರು, ಮತ್ತೆ ವಾದ ಮಾಡಿದರು. ಪಿಡಿಒ ಜೇಬಿನಲ್ಲಿ ಫೋನು ಬಡಕೊಳ್ತಾನೇ ಇತ್ತು, ಅವರಿಗೆ ಅದರ ಪರಿವೆಯೇ ಇಲ್ಲ. ಎಲ್ಲರ ಎಂಜಲು ಕೈ ಒಣಗಿಹೋಗಿತ್ತು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು. ಮುಖ್ಯಸ್ಥರು ನನ್ನ ಕಡೆ ಬಾಗಿ, "ರೂಮು ನಿಮ್ದೇ ಮೇಡಂ, ಸೋಮವಾರ ಆದೇಶ ಮಾಡ್ತೀನಿ" ಅಂದರು. ಕಣ್ಣು ಒದ್ದೆಯಾಯ್ತು, ಉಪ್ಪಿನಕಾಯಿ ಖಾರ ಅಂದೆ.

ಗುಬ್ಬಿಯವರು ಅಮ್ಮನ ಕಡೆ ತಿರುಗಿ, "ಅಜ್ಜಿ, ನೀವು ನಮ್ಮ ಮೂವರಲ್ಲಿ ಯಾರ ಹತ್ರ ಬಂದ್ರೂ ಸರಿ. ಮಿಕ್ಕಿದೋರಿಗೆ ನಾವೇ ಹೇಳ್ಕೋತೀವಿ" ಅಂದರು. ಮಿಕ್ಕಿಬ್ಬರೂ ಹೌದು ಅಂತ ತಲೆ ಆಡಿಸಿದರು.

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಾನು ಅವಳ ಎಲೆ ನೋಡಿದೆ. ಎಲೆ ಯಾವಾಗಲೋ ಖಾಲಿಯಾಗಿತ್ತು. ಒಂದೇ ಒಂದು ಕಡ್ಲೆಕಾಳು ಉಳಿದಿತ್ತು, ಅದನ್ನೇ ಆಗಿನಿಂದ ಬೆರಳಲ್ಲಿ ಆಚೆ ಈಚೆ ತಳ್ಳುತ್ತಾ ಕೂತಿದ್ದಳು. ಈಗ ಅದನ್ನ ಎತ್ತಿ ಬಾಯಿಗೆ ಹಾಕಿಕೊಂಡು, "ಹಂಗಾದ್ರೆ ಏಳಿ ಇನ್ನ" ಅಂದಳು.