ಮಾರದ ಗಂಡು ಕರು

ಸಮಾಜಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಪ್ರಾಣಿಗಳ ಹಕ್ಕಿಗಾಗಿ ಹೋರಾಡುವವರ ಬಗ್ಗೆ ಬರೆಯುವುದು, ಬರೆದು ಸಾಲದೆ ಅವರ ಜೊತೆ ನಾನೂ ಕೂಗುವುದು ನನ್ನ ಚಟ. ಹಾಲು ಬಿಟ್ಟು ವರ್ಷಗಳಾಗಿದ್ದವು. ಕರಿ ಕಾಫಿ ಹೀರುತ್ತಾ, ಹಾಲು ಕುಡಿಯುವವರನ್ನು ನೋಡಿ ಮರುಗುವುದರಲ್ಲಿ ಒಂದು ಸುಖವಿದೆ, ಸುಳ್ಳೇಕೆ ಹೇಳಲಿ.

ಬಂಗಾರಪೇಟೆ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಗೆ ನಾನು ಹೋದದ್ದು ಗಂಡು ಕರುಗಳಿಗಾಗಿ. ಸೀಮೆಹಸು ಗಂಡು ಕರು ಹಾಕಿದರೆ ಅದು ಹಾಲಿಗೂ ಇಲ್ಲ, ಈಗ ಉಳುಮೆಗೂ ಇಲ್ಲ. ವಾರದೊಳಗೆ ವ್ಯಾಪಾರಿಯ ಟೆಂಪೋ ಹತ್ತುತ್ತದೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ‘ಗಂಡು ಕರು ಮಾರುವುದಿಲ್ಲ’ ಎಂಬ ಪ್ರತಿಜ್ಞೆ ಬರೆದುಕೊಂಡು, ಕೆಳಗೆ ನನ್ನ ವಿಳಾಸವನ್ನೂ ಹಾಕಿ, ಬೆಳಗ್ಗೆ ಹಾಲು ಹಾಕುವವರ ಸಾಲಿಗೆ ಅಡ್ಡ ನಿಂತೆ. ಸೈನ್ ಹಾಕದೆ ಕ್ಯಾನು ಮುಂದೆ ಹೋಗದು ಎಂದರೆ ಯಾರು ತಾನೇ ಹಾಕುವುದಿಲ್ಲ? ಎಲ್ಲರೂ ಹಾಕಿದರು. ಜನಜಾಗೃತಿ ಆಯಿತೆಂದು ಬೀಗಿದೆ.

ಮರುವಾರ ಚಿನ್ನದ ಗಣಿಯ ಊರು ಕೋರಮಂಡಲ್‌ನ ನಮ್ಮ ಕ್ವಾರ್ಟರ್ಸ್ ಮುಂದೆ ಆಟೋ ನಿಂತಿತು. ಮೊದಲು ಸೈನ್ ಹಾಕಿದ್ದ ಹೆಂಗಸು ಒಂದು ಎಳೆಗರುವನ್ನು ತಬ್ಬಿಕೊಂಡು ಇಳಿದರು.

“ಸೈನ್ ಆಕಿದೀನಲ್ಲ ಮೇಡಂ, ಮಾತು ತಪ್ಪಲ್ಲ. ಮಾರಲ್ಲ. ಅದ್ಕೇ ನಿಮ್ಗೇ ಕೊಟ್ಬುಟ್ಟು ಓಗಾನ ಅಂತ ಬಂದೆ.”

ಮಾರಬೇಡಿ ಎಂದವಳು ನಾನು. ಸಾಕುವವರು ಯಾರೆಂದು ಯೋಚಿಸಿಯೇ ಇರಲಿಲ್ಲ. ಕೈ ಚಾಚಿ ಕರುವನ್ನು ಎತ್ತಿಕೊಂಡೆ.

ಕರುವಿಗೆ ಬೇಕಾದದ್ದು ಹಾಲು. ರಾಬರ್ಟ್‌ಸನ್‌ಪೇಟೆಯಲ್ಲಿ ಹಾಲಿನ ಬಾಟಲಿ ಕೇಳಿದಾಗ ಅಂಗಡಿಯವನು ಮಗುವಿಗೆ ಎಷ್ಟು ತಿಂಗಳು ಎಂದ. ಹಾಲಿಗೆ ಆ ಹೆಂಗಸಿಗೇ ಹೇಳಿದೆ. ದಿನಾ ಬಸ್ಸಿನಲ್ಲಿ ಕ್ಯಾನು ಬರತೊಡಗಿತು. ತಾಯಿಯ ಹಾಲನ್ನು ಅದರ ಕರುವಿಗೇ ಕೊಂಡು ಕುಡಿಸುತ್ತಾ, ಹಾಲು ಬಿಟ್ಟ ನಾನು ಬೀದಿಯಲ್ಲೇ ಅತಿ ಹೆಚ್ಚು ಹಾಲು ಕೊಳ್ಳುವವಳಾದೆ.

ಪಕ್ಕದ ಮನೆಯ ತಮಿಳು ಮುದುಕರೊಬ್ಬರು, ಗಣಿಯಲ್ಲಿ ದುಡಿದವರು, ದಿನಾ ಕಾಂಪೌಂಡಿನಾಚೆಯಿಂದ ಕರುವನ್ನು ತೋರಿಸಿ ಕೇಳುವರು: “ಎನ್ನಮ್ಮಾ, ನಿನ್ ಥೀಸಿಸ್ ಹಾಲು ಕುಡೀತಾ?” ಕುಡಿಯಿತು. ಬರಬರುತ್ತಾ ಅವರ ಕರಿಬೇವಿನ ಗಿಡವನ್ನೂ, ಸೆಮಿನಾರಿಗೆಂದು ನಾನು ಬರೆದಿದ್ದ ಪ್ರಬಂಧದ ಕೊನೆಯ ಪುಟವನ್ನೂ ತಿಂದಿತು. ನನ್ನ ತೀರ್ಮಾನವೆಲ್ಲ ಆ ಪುಟದಲ್ಲೇ ಇತ್ತು. ಸಿಟ್ಟು ಬಂತು, ಅಷ್ಟೇ ಮುದ್ದೂ ಬಂತು.

ಒಂದು ಬೆಳಗ್ಗೆ ಮತ್ತೊಂದು ಆಟೋ ಬಂತು. ಅದೇ ಹಳ್ಳಿಯ ಇನ್ನೊಬ್ಬ ಹೆಂಗಸು. ಕೈಯಲ್ಲಿ ಸರಿಯಾಗಿ ನಿಲ್ಲಲೂ ಬಾರದ ಕರು.

“ನಾನೂ ಸೈನ್ ಆಕಿದ್ದೆ ಮೇಡಂ.”

ಹಿತ್ತಲಲ್ಲಿ ಜಾಗವಿಲ್ಲ, ಕಾಲೇಜು ಶುರುವಾಗುತ್ತಿದೆ, ನೋಡಿಕೊಳ್ಳುವವರಿಲ್ಲ ಎಂದು ಹೇಳುತ್ತಾ ಹೋದೆ. ಎಲ್ಲವೂ ನಿಜ. ಆ ಟೆಂಪೋ ಎಲ್ಲಿಗೆ ಹೋಗುತ್ತದೆಂದು ಲೇಖನದ ಮೇಲೆ ಲೇಖನ ಬರೆದವಳು ನಾನು. ಆದರೂ ಗೇಟು ತೆರೆಯಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಆಕೆಗೆ ಸಿಟ್ಟೇ ಬರಲಿಲ್ಲ. ಕರುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತುತ್ತಾ ನನಗೇ ಸಮಾಧಾನ ಹೇಳಿದರು.

“ಓಗ್ಲಿ ಬಿಡಿ ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ನಮ್ಗೂ ಇಂಗೇ ಆಗೋದು.”