ರಾಗಿ ಮಿಲ್ಲಿನ ಸದ್ದಿನಲ್ಲಿ ಪಾಪನಿವೇದನೆ

ನಮ್ಮವ್ವನಿಗೆ ದೇವರ ಮೇಲೆ ಇದ್ದ ತಕರಾರು ಒಂದೇ: ಅವನು ಅವಳ ಮಾತು ಕೇಳಿಬಿಟ್ಟಿದ್ದ. ಮೂವತ್ತು ವರ್ಷ ಮೊಣಕಾಲು ಸವೆಸಿ ಬೇಡಿದ್ದು ಒಂದೂ ನಡೆದಿರಲಿಲ್ಲ. ನನಗೆ ಮದುವೆಯಾಗಲಿ ಎಂದಳು, ಆಗಲಿಲ್ಲ. ಅಪ್ಪ ಬೀಡಿ ಬಿಡಲಿ ಎಂದಳು, ಬಿಡಲಿಲ್ಲ. ಸಿಟ್ಟಿನಲ್ಲಿ ಬೇಡಿದ್ದು ಒಂದೇ ಒಂದು. ಅದು ಮಾತ್ರ ತಿಂಗಳೊಳಗೆ ನಡೆದುಹೋಯಿತು.

ತೆರಕಣಾಂಬಿ ಕಡೆಯ ನಮ್ಮೂರಿನಲ್ಲಿ ಕ್ರೈಸ್ತರ ಮನೆ ಇಪ್ಪತ್ತಿರಬಹುದು, ಒಂದು ಪುಟ್ಟ ಚರ್ಚು. ಅಲ್ಲಿ ಹಾಡು ಎತ್ತುವವಳು ನನ್ನ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ನಮ್ಮದೂ ಅವಳದೂ ಒಂದೇ ಗೋಡೆ. ಆ ವರ್ಷ ಈಸ್ಟರಿಗೆ ಹಿಂದಿನ ವಾರದ ಗರಿಗಳ ಭಾನುವಾರ ಕೀರ್ತನೆ ಹಾಡುವ ಸರದಿ ಅಪರೂಪಕ್ಕೆ ಅವ್ವನಿಗೆ ಸಿಕ್ಕಿತು. ಒಂದು ತಿಂಗಳು ಕೊಟ್ಟಿಗೆಯಲ್ಲಿ ಹಸುವಿಗೆ ಹಾಡಿ ಕೇಳಿಸಿ ಕಲಿತಿದ್ದಳು. ಅವಳು ಮೊದಲ ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವುದರೊಳಗೆ ದೊಡ್ಡವ್ವ ಹಿಂದಿನ ಬೆಂಚಿನಿಂದ ಎರಡನೆಯ ಸಾಲು ಎತ್ತಿಕೊಂಡು ಕೊನೆಯವರೆಗೂ ಹೋಗಿಬಿಟ್ಟಳು. ಅವ್ವ ಕೈಯಲ್ಲಿ ಗರಿ ಹಿಡಿದುಕೊಂಡೇ, ಇವಳ ಗಂಟಲು ಕಟ್ಟಿಹೋಗಲಿ ಎಂದು ದೇವರನ್ನು ಬೇಡಿಕೊಂಡಳು.

ಕೊರೊನಾದ ಎರಡನೆಯ ಅಲೆ ನಮ್ಮೂರಿಗೆ ಬಂದಾಗ ಮೊದಲು ಹಿಡಿದದ್ದು ದೊಡ್ಡವ್ವನನ್ನು. ಚಾಮರಾಜನಗರದ ಆಸ್ಪತ್ರೆಯಲ್ಲಿ ಎರಡು ವಾರ ಇದ್ದು ಬದುಕಿ ಬಂದಳು. ದನಿ ಬರಲಿಲ್ಲ, ನಾಲಿಗೆಯ ರುಚಿಯೂ ಬರಲಿಲ್ಲ. ಇದು ದೇವರ ತೀರ್ಪು ಎಂದು ಊರಿಗೆ ಊರೇ ಹೇಳುತ್ತಿತ್ತು. ಆದರೆ ಒಬ್ಬೊಬ್ಬರ ಲೆಕ್ಕದಲ್ಲೂ ಆ ತೀರ್ಪು ಪಕ್ಕದ ಮನೆಯವರ ಪಾಪಕ್ಕೆ ಬಂದದ್ದು. ತನ್ನ ಪಾಪಕ್ಕೆ ಎಂದು ಒಪ್ಪಿಕೊಂಡವಳು ಅವ್ವ ಒಬ್ಬಳೇ. ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡಿ ಕ್ಷಮೆ ಸಿಗುವ ತನಕ ಮುದ್ದೆ ಮುಟ್ಟುವುದಿಲ್ಲ ಎಂದು ಕೂತಳು. ಚರ್ಚಿನ ಬಾಗಿಲು ಹಾಕಿತ್ತು. ದಿನಕ್ಕೊಂದು ಲೋಟ ಗಂಜಿಯಲ್ಲಿ ಎರಡು ತಿಂಗಳು ತಳ್ಳಿದಳು. ಕೈಬಳೆ ಮೊಣಕೈವರೆಗೆ ಜಾರತೊಡಗಿತು. ನಾನು ಇಸ್ಕೂಲು ಮೇಡಮ್ಮು, ವೈರಸ್ಸಿನ ಚಿತ್ರ ಬರೆದೇ ತೋರಿಸಿದೆ.

"ಮೈಯೆಲ್ಲಾ ಬುಟ್ಟು ಅದ್ಕೆ ನಮ್ಮಕ್ಕನ ಗಂಟ್ಲೇ ಯಾಕ್ ಬೇಕಾಗಿತ್ತು ಕಣಮ್ಮಿ" ಎಂದಳು.

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. ಹೊರಗೆ ರೇಗುತ್ತಿದ್ದೆ, ಒಳಗೆ ನನಗೆ ಭಯವಾಗಿತ್ತು. ರೋಗ ಬಾರದೆಯೇ ಅವ್ವ ಸತ್ತುಹೋಗುತ್ತಾಳೆ ಅನ್ನಿಸುತ್ತಿತ್ತು.

ಅಂತೂ ಗುಂಡ್ಲುಪೇಟೆಯಿಂದ ಗುರುಗಳು ನಿವೇದನೆ ಕೇಳಲು ಬರುವುದೆಂದಾಯಿತು. ವಯನಾಡಿನ ಕಡೆಯವರು, ವಯಸ್ಸಾದವರು, ಒಂದು ಕಿವಿ ಪೂರ್ತಿ ಮಂದ. ಚರ್ಚಿನೊಳಗೆ ಕೂರುವಂತಿರಲಿಲ್ಲ. ಅಂಗಳದ ಹೊಂಗೆಮರದ ಕೆಳಗೆ ಎಂಟಡಿ ದೂರಕ್ಕೆ ಎರಡು ಕುರ್ಚಿ ಹಾಕಿ ನಡುವೆ ಹಗ್ಗ ಕಟ್ಟಿದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಎಂಟಡಿ ದೂರದಿಂದ, ಕಿವಿ ಕೇಳದವರಿಗೆ ಪಾಪ ಹೇಳಬೇಕಾದರೆ ಕೂಗಲೇಬೇಕು. ಕೂಗಿದರೆ ಸಾಲಿನಲ್ಲಿರುವವರಿಗೆಲ್ಲ ಕೇಳುತ್ತದೆ. ಇದಕ್ಕೆ, ಗುರುಗಳಿಲ್ಲದಾಗ ಚರ್ಚು ನೋಡಿಕೊಳ್ಳುವ ನಮ್ಮ ಉಪದೇಶಿ ಒಂದು ಉಪಾಯ ಹೂಡಿದರು. ಕಾಂಪೌಂಡಿನ ಆಚೆಗೇ ಹಿಟ್ಟಿನ ಮಿಲ್ಲು. ಅದು ಓಡುತ್ತಿದ್ದರೆ ಪಕ್ಕದವನ ಸೀನೂ ಕೇಳಿಸದು. ಮಿಲ್ಲಿನ ಯಜಮಾನರು ಹಣೆ ತುಂಬ ವಿಭೂತಿಯ ಶಿವಭಕ್ತರು, ಒಳ್ಳೆಯವರು. ಬರೀ ಕಲ್ಲು ತಿರುಗಿಸಲಾಗದು, ಬೀಸಲು ಏನಾದರೂ ಬೇಕು ಎಂದರು. ಹಾಗಾಗಿ ಪಾಪನಿವೇದನೆಗೆ ಬರುವವರು ರಾಗಿ ತರತಕ್ಕದ್ದು ಎಂದು ಮನೆಮನೆಗೂ ಸುದ್ದಿ ಹೋಯಿತು.

ಸಣ್ಣ ಪಾಪದವರು ಎರಡು ಸೇರು ತಂದರು. ಕುಡುಕರು ಡಬ್ಬ ತುಂಬ ತಂದರು. ಯಾರ ಕೈಯಲ್ಲಿ ಎಷ್ಟು ಎಂದು ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ಅವ್ವ ಅರ್ಧ ಮೂಟೆ ತಂದಿದ್ದಳು, ಸ್ಕೂಟಿಯಲ್ಲಿ ಹೊತ್ತು ತಂದವಳು ನಾನು. ನಮ್ಮ ಮೂಟೆ ನೋಡಿ ಸಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅವ್ವನ ಹಿಂದಿನ ಸರದಿ ದೊಡ್ಡವ್ವನದು. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು.

ಮಿಲ್ಲು ಗುಡುಗತೊಡಗಿತು. ಜನ ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂತು ಬಾಯಿ ತೆಗೆದು ಕೂಗಿದರು. ಗುರುಗಳಿಗೂ ಏನೂ ಕೇಳಿಸುತ್ತಿರಲಿಲ್ಲ ಎಂದು ನನ್ನ ಗುಮಾನಿ. ಎಲ್ಲರಿಗೂ ತಲೆದೂಗಿ, ಮೂರು ಬೆರಳು ತೋರಿಸಿ, ಪ್ರಾಯಶ್ಚಿತ್ತಕ್ಕೆ ಮೂರು ಪರಲೋಕ ಮಂತ್ರ ಹೇಳಿ ಎಂದು ಕಳಿಸುತ್ತಿದ್ದರು. ಅವ್ವನ ಸರದಿ ಬಂತು. ಅವಳ ರಾಗಿಯನ್ನು ಮಿಲ್ಲಿಗೆ ಸುರಿದರು. ಅವ್ವ ಎರಡು ತಿಂಗಳ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಲು ಶುರುಮಾಡಿದಳು. ನಮ್ಮ ತ್ರೀ ಫೇಸ್ ಕರೆಂಟಿನ ನಿಯಮ ನಮಗೆ ಗೊತ್ತಿಲ್ಲದ್ದೇನಲ್ಲ, ಅದು ಹೋಗಬೇಕಾದಾಗ ಹೋಗುತ್ತದೆ. ಆ ದಿನ ಎಲ್ಲರೂ ಅದನ್ನೇ ಮರೆತಿದ್ದೆವು. ಬೆಲ್ಟು ಉಸ್ಸೆಂದು ನಿಂತಿತು.

"ನಮ್ಮಕ್ಕನ ಗಂಟ್ಲು ಕಟ್ಟೋಗ್ಲಿ ಅಂತ ದೇವ್ರನ್ನ ಬೇಡ್ಕಂಡವಳು ನಾನೇ ಸ್ವಾಮಿ" ಎಂದು ಅವ್ವ ಕೂಗಿದ್ದು ಮೇಲಿನ ಕೇರಿಯವರೆಗೂ ಹೋಯಿತು.

ಆ ದಿನ ಗುರುಗಳಿಗೆ ಸರಿಯಾಗಿ ಕೇಳಿಸಿದ ಮೊದಲ ಪಾಪ ಅದು. ದೇವರು ನಿಮ್ಮ ಮನೆ ಆಳಲ್ಲ ಅಮ್ಮ, ನೀವು ಹೇಳಿದವರ ಗಂಟಲು ಹಿಡಿಯೋದು ಅವನ ಕೆಲಸ ಅಲ್ಲ ಎಂದು ನಿಧಾನವಾಗಿ ಹೇಳಿ ಕ್ಷಮೆಯ ಶಿಲುಬೆ ಗುರುತು ಹಾಕಿದರು. ಅವ್ವ ಏಳಲಿಲ್ಲ. ದೇವರು ಕ್ಷಮಿಸಿದ್ದ, ಸರಿ. ಆದರೆ ಜಗಲಿಯ ಕಡೆ ತಿರುಗಲು ಅವಳಿಗೆ ಧೈರ್ಯವಿರಲಿಲ್ಲ.

ದೊಡ್ಡವ್ವನೇ ಎದ್ದು ಬಂದಳು. ಅವಳ ತೊಂದರೆ ಇನ್ನೊಂದು. ದನಿಯಿಲ್ಲದವಳು ಎಂಟಡಿ ಆಚೆಯ ಕಿವಿಮಂದದವರಿಗೆ ಪಾಪ ಮುಟ್ಟಿಸುವುದು ಹೇಗೆ? ಬರೆಯಲು ಬಾರದು, ಹಗ್ಗ ದಾಟುವಂತಿಲ್ಲ. ನಾನು ಹೇಳುತ್ತೇನೆ ಎಂದು ಉಪದೇಶಿ ಮುಂದೆ ಬಂದರು. ದೊಡ್ಡವ್ವ ತಲೆಯಾಡಿಸಿ ಅವ್ವನ ಕಡೆ ಕೈತೋರಿಸಿದಳು. ಗೋಡೆ ಒಂದೇ ಆದ್ದರಿಂದ ಒಂದೇ ಮನೆಯವರೆಂದು ತೀರ್ಮಾನವಾಗಿ, ಹತ್ತಿರ ನಿಲ್ಲಲು ಅಪ್ಪಣೆಯಾಯಿತು.

ದೊಡ್ಡವ್ವ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದಳು, ಅವ್ವ ಗಟ್ಟಿಯಾಗಿ ಹೇಳಿದಳು. ಕೋಳಿ ವಿಷಯದಲ್ಲಿ ಸುಳ್ಳು ಹೇಳಿದ್ದಾಳಂತೆ. ಜಪಸರ ಮಾಡುವಾಗ ನಿದ್ದೆ ಹೋಗಿದ್ದಾಳಂತೆ. ಇಷ್ಟನ್ನೂ ಅವ್ವ ತುಸು ಹುರುಪಿನಲ್ಲೇ ಹೇಳಿದಳೆಂದು ನನಗೆ ಅನ್ನಿಸಿತು. ಮೂರನೆಯದಕ್ಕೆ ನಿಂತುಬಿಟ್ಟಳು. ದೊಡ್ಡವ್ವನ ಮುಖ ನೋಡಿದಳು. ದೊಡ್ಡವ್ವ ಕಣ್ಣು ತಗ್ಗಿಸಲಿಲ್ಲ, ಹೇಳು ಎಂಬಂತೆ ಅವಳ ಮೊಣಕೈ ಹಿಡಿದುಕೊಂಡಳು.

"ಆಸ್ಪತ್ರೇಲಿ ಉಸ್ರು ಕಟ್ದಾಗ, ನಮ್ಮನೆಯಿಂದ ಒಬ್ರನ್ನ ಕರ್ಕೊಳ್ಳೋದೇ ಆದ್ರೆ ನನ್ನ ಬುಟ್ಟು ನನ್ನ ವಾರಗಿತ್ತೀನ ಕರ್ಕೊ ಅಂತ ಬೇಡ್ಕಂಡ್ಳಂತೆ ಸ್ವಾಮಿ."

ಒಂದು ಮಾತನ್ನೂ ಅವ್ವ ಮೆತ್ತಗೆ ಮಾಡಲಿಲ್ಲ. ತನ್ನನ್ನೇ ಸಾಯಿಸೆಂದ ಪ್ರಾರ್ಥನೆಯನ್ನು ತನ್ನ ಬಾಯಿಂದಲೇ ಊರಿಗೆಲ್ಲ ಕೇಳುವಂತೆ ಹೇಳಿದಳು. ನನಗೆ ಅಳು ಬಂತು, ಜೊತೆಗೆ ಕೆಟ್ಟ ನಗುವೂ ಬಂತು, ಎರಡನ್ನೂ ಮಾಸ್ಕಿನೊಳಗೆ ಇಟ್ಟುಕೊಂಡೆ. ಇಬ್ಬರೂ ಸೇರಿ ಮೂರು ಪರಲೋಕ ಮಂತ್ರ ಹೇಳಿ ಎಂದರು ಗುರುಗಳು. ತುಟಿ ದೊಡ್ಡವ್ವನದು, ದನಿ ಅವ್ವನದು.

ಹೊರಡುವ ಮೊದಲು ಗುರುಗಳು ಒಂದು ಮಾತು ಹೇಳಿದರು: ನಿವೇದನೆಯಲ್ಲಿ ಕೇಳಿದ್ದನ್ನು ಬಾಯಿಬಿಡುವಂತಿಲ್ಲ, ಅಕಸ್ಮಾತ್ತಾಗಿ ಕೇಳಿಸಿಕೊಂಡವರಿಗೂ ಅದೇ ನಿಯಮ. ಮೂವತ್ತು ಜನ ತಲೆಯಾಡಿಸಿದೆವು. ಕಾಂಪೌಂಡಿನ ಮೇಲಿಂದ ಮಿಲ್ಲಿನ ಯಜಮಾನರೂ ಆಡಿಸಿದರು. ಬರೆಯಲು ನನಗೆ ಇಬ್ಬರ ಅಪ್ಪಣೆಯೂ ಇದೆ. ಕರೆಂಟು ಹೋದದ್ದು ತನ್ನ ತಪ್ಪಲ್ಲ ಎಂದು ಸೇರಿಸಬೇಕೆಂಬುದು ಅವ್ವನ ಷರತ್ತು, ಸೇರಿಸಿದ್ದೇನೆ.

ಕರೆಂಟು ಹೋಗುವ ಮೊದಲು ಬೀಸಿದ್ದಷ್ಟೇ ಹಿಟ್ಟು ತಂದು ಮಧ್ಯಾಹ್ನ ಮುದ್ದೆ ಮಾಡಿದೆ. ದೊಡ್ಡವ್ವ ಹುರುಳಿಕಾಳಿನ ಬಸ್ಸಾರು ತಂದು ತಾನೇ ಬಡಿಸಿ ಬಾಗಿಲಲ್ಲಿ ನಿಂತಳು. ಒಂದು ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು. ರುಚಿ ತಿಳಿಯದೆ ಅವಳು ಎರಡು ಸಲವೋ ಮೂರು ಸಲವೋ ಉಪ್ಪು ಹಾಕಿದ್ದಳು. ಒಂದು ಕಲ್ಲು ಉಪ್ಪು ಹೆಚ್ಚಾದರೂ ಇದೇ ದೊಡ್ಡವ್ವನ ಬಟ್ಟಲನ್ನು ವರ್ಷಗಟ್ಟಲೆ ವಾಪಸು ಕಳಿಸಿದವಳು ಅವ್ವ. ಈಗ ತಲೆಯೆತ್ತದೆ ಒಂದು ಮುದ್ದೆ ಮುಗಿಸಿದಳು. ಇನ್ನೊಂದು ಹಾಕಿಸಿಕೊಂಡಳು, ಸಾರನ್ನೂ ಹಾಕಿಸಿಕೊಂಡಳು.

ದೊಡ್ಡವ್ವ ಹುಬ್ಬಿನಲ್ಲೇ ಹೇಗಿದೆ ಎಂದು ಕೇಳಿದಳು. ಪಾಪವೆಲ್ಲ ಕಳೆದು ಇನ್ನೂ ಎರಡು ಗಂಟೆ ಆಗಿರಲಿಲ್ಲ.

"ಉಪ್ಪು ಸರ್ಯಾಗೇ ಅದೆ ಕಣಕ್ಕ" ಎಂದಳು ಅವ್ವ.