ಸುತ್ತು ಹಾಕುವ ಮೇಷ್ಟ್ರು

ಫಿನ್ಲೆಂಡಿನ ಯುವಾಸ್ಕುಲಾದಲ್ಲಿ ಗಣಿತ ಕಲಿಸುವ ಟೈಸ್ಟೊ ಹುವೊವಿಲಾ ಮೇಷ್ಟ್ರು ಯಾವುದನ್ನೂ ನಿಂತಲ್ಲೇ ನಿಂತು ನೋಡುವವರಲ್ಲ. ಸೌನಾ ಎಂಬ ಹಬೆಸ್ನಾನದ ಕೋಣೆಯ ಸೌದೆ ರಾಶಿಯಿರಲಿ, ಕಾಫಿ ಕೋಣೆಯ ದಾಲ್ಚಿನ್ನಿ ಬನ್ನಿರಲಿ, ಒಂದು ಸುತ್ತು ಹಾಕಲೇಬೇಕು. ಹುಡುಗರು ಬೆನ್ನ ಹಿಂದೆ ಅವರನ್ನು ಗಿರಗಟ್ಲೆ ಎನ್ನುತ್ತಾರೆ. ತಟ್ಟೆಯಲ್ಲಿ ಬನ್ನಿನ ಮೂರು ಚೂರು ಉಳಿದರೆ ಸಾಕು, ಮೂರರ ಮೇಲೂ ಹಾದುಹೋಗುವ ವೃತ್ತವನ್ನು ಬೆರಳಿನಿಂದ ಗೀರಿ, "ವೃತ್ತ ಚಿಕ್ಕದಾದಷ್ಟೂ ಬಾಗು ಜಾಸ್ತಿ" ಎನ್ನುತ್ತಾ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಮೊನ್ನೆ ಅವರ ಶಿಷ್ಯೆ ಸನೆಲ್ಮಾ, ಮೂರು ತಿಂಗಳು ಗುದ್ದಾಡಿದ ಚುಕ್ಕಿಗಳ ಚಿತ್ರ ಹಿಡಿದು ಬಂದು, "ಇದರ ನೆರಳನ್ನ ಒಂದು ಗೆರೆ ಮೇಲೆ ಬೀಳಿಸಿದ್ರೆ ಅದಕ್ಕೆ ಉದ್ದವೇ ಇಲ್ಲ, ಬರೀ ಧೂಳು. ಬಿಟ್ಬಿಡ್ತೀನಿ" ಎಂದಳು. "ಎಷ್ಟು ದಿಕ್ಕಿಂದ ನೆರಳು ಬೀಳಿಸ್ದೆ?" ಎಂದರು ಮೇಷ್ಟ್ರು. "ಒಂದರಿಂದ." "ಒಂದೇ ನೆರಳು ನೋಡಿ ತೀರ್ಪು ಕೊಡ್ತೀಯೇನಮ್ಮಾ? ಸುತ್ತು ಹಾಕು, ಹೋಗು!" ಈ ಗಿರಗಟ್ಲೆಯ ಸಹವಾಸವೇ ಸಾಕೆಂದು ಮನಸ್ಸಿನಲ್ಲೇ ಗೊಣಗುತ್ತಾ ಅವಳು ಅವರ ಎಡಗಡೆಯಿಂದ ಕಾಫಿ ಲೋಟ ಚಾಚಿದಳು. ಮೇಷ್ಟ್ರ ಕೈ ಲೋಟ ಸಿಗದೆ ಗಾಳಿಯನ್ನು ತಡಕಾಡಿತು. "ಆ ಕಣ್ಣು ಹುಟ್ಟಿದಾಗಿಂದ ಕಾಣಲ್ಲ ಕಣಮ್ಮಾ. ಒಂದು ಕಣ್ಣಿಗೆ ಒಂದ್ಸಲಕ್ಕೆ ಒಂದೇ ನೆರಳು ತಾನೇ ಸಿಗೋದು?" ಎಂದು ಅವರು ಗಹಗಹಿಸಿ ನಕ್ಕರು. ಸನೆಲ್ಮಾ ಲೋಟ ಹಿಡಿದುಕೊಂಡೇ ಮೇಜಿಗೆ ಒಂದು ಸುತ್ತು ಹಾಕಿ ಅವರ ಬಲಗಡೆಗೆ ಬಂದಳು.